ಪೆಡಲ್‌ಗಳ ಪವರ್ ಸಪ್ಲೈ: ನಮ್ಮ ಮಾರಾಟದಲ್ಲಿ ಒಂದು ಬದಲಾವಣೆ

ಪ್ರಿಯ ಗ್ರಾಹಕರೇ,

ಒಂದೇ ಅಡಾಪ್ಟರಿನಿಂದ ಐದಾರು ಗಿಟಾರ್ ಪೆಡಲ್‌ಗಳಿಗೆ (ಗಿಟಾರಿನ ಧ್ವನಿ ಬದಲಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆಗಳಿಗೆ) ಕವಲೊಡೆಯುವ ಡೇಸಿ ಚೈನ್ ತಂತಿಗಳನ್ನು ಬರುವ ತಿಂಗಳಿನಿಂದ ನಮ್ಮ ಹುಬ್ಬಳ್ಳಿ ಅಂಗಡಿಯಲ್ಲಿ ಮಾರುವುದಿಲ್ಲ. ಅವುಗಳ ಜಾಗದಲ್ಲಿ ಐಸೊಲೇಟೆಡ್ ಪವರ್ ಸಪ್ಲೈಗಳನ್ನು, ಅಂದರೆ ಒಂದು ಔಟ್‌ಪುಟ್‌ಗೂ ಇನ್ನೊಂದಕ್ಕೂ ಒಳಗೆ ವಿದ್ಯುತ್ ಸಂಪರ್ಕವಿಲ್ಲದಂಥವನ್ನು, ಮಾತ್ರ ಇಡುತ್ತೇವೆ. ಜೊತೆಗೆ, ನಿಮ್ಮ ಪೆಡಲ್‌ಗಳನ್ನು ಅಥವಾ ಅವುಗಳ ಮೇಲಿನ ವಿವರ ಓದಲು ಬರುವಂತಹ ಫೋಟೊಗಳನ್ನು ನೋಡದೆ ಇನ್ನು ಮುಂದೆ ಯಾವ ಪವರ್ ಸಪ್ಲೈಯನ್ನೂ ಕೊಡುವುದಿಲ್ಲ. ಇದರಿಂದ ನಿಮಗೆ ಖರ್ಚು ಹೆಚ್ಚುತ್ತದೆ, ಸಮಯವೂ ಹಿಡಿಯುತ್ತದೆ. ಆದ್ದರಿಂದ ಕಾರಣವನ್ನು ಬಿಡಿಸಿ ಹೇಳಬೇಕಾಗಿದೆ.

ಚರ್ಚಿನ ತಂಡವಾಗಲಿ, ಗಣೇಶೋತ್ಸವದ ಆರ್ಕೆಸ್ಟ್ರಾ ಆಗಲಿ, ಗಿಟಾರ್ ನುಡಿಸುವವರ ಬಳಿ ಮೊದಲು ಇರುತ್ತಿದ್ದದ್ದು ಧ್ವನಿಯನ್ನು ಒರಟಾಗಿಸುವ ಒಂದು ಡಿಸ್ಟಾರ್ಷನ್, ದಪ್ಪವಾಗಿಸುವ ಒಂದು ಕೋರಸ್. ಎರಡೂ 9 ವೋಲ್ಟ್, ಎರಡೂ ಅನಲಾಗ್, ಅಂದರೆ ಡಿಜಿಟಲ್ ಚಿಪ್ ಇಲ್ಲದವು. ಅಂತಹ ಜೋಡಿಗೆ ಡೇಸಿ ಚೈನ್ ಇಂದಿಗೂ ಸಾಕು. ಈಗ ನಮ್ಮ ಮುಂದೆ ಬರುವ, ಪೆಡಲ್ ಜೋಡಿಸಿದ ಬೋರ್ಡುಗಳೇ ಬೇರೆ. 9 ವೋಲ್ಟಿನ ಓವರ್‌ಡ್ರೈವ್ (ಧ್ವನಿಯನ್ನು ಹದವಾಗಿ ಒರಟಾಗಿಸುವ) ಪೆಡಲ್ ಟ್ಯೂಬ್ ಸ್ಕ್ರೀಮರ್ ಪಕ್ಕದಲ್ಲಿ 18 ವೋಲ್ಟ್ ಕೇಳುವ ಎಂಎಕ್ಸ್‌ಆರ್ 10 ಬ್ಯಾಂಡ್ ಈಕ್ವಲೈಸರ್, ಅದರಾಚೆ 300 ಮಿಲಿಆಂಪಿಯರ್ (ವಿದ್ಯುತ್ ಪ್ರವಾಹದ ಅಳತೆ) ಬೇಡುವ ರಿವರ್ಬ್ (ಮಾರ್ದನಿ) ಪೆಡಲ್ ಸ್ಟ್ರೈಮನ್ ಬಿಗ್‌ಸ್ಕೈ, ತುದಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಹಳೆಯ ಹಸಿರು ಡಿಲೇ (ಪ್ರತಿಧ್ವನಿ) ಪೆಡಲ್ ಲೈನ್ 6 ಡಿಎಲ್4. ಆ ಡಿಎಲ್4ಗೆ ತಯಾರಕರು ಹೇಳಿರುವುದು 9 ವೋಲ್ಟ್ ಎಸಿ, ಡಿಸಿ ಅಲ್ಲ. ಸ್ವರ ಏರಿಳಿಸುವ ಪೆಡಲ್ ಡಿಜಿಟೆಕ್ ವ್ಯಾಮಿಯ ನಾಲ್ಕನೆಯ ಆವೃತ್ತಿಯೂ ಎಸಿ, ಐದನೆಯದು ಡಿಸಿ. ಹೆಸರು ಒಂದೇ ಎಂದು ನಂಬಿ ಅಡಾಪ್ಟರ್ ಅದಲುಬದಲು ಮಾಡಿದರೆ ನಷ್ಟ ನಿಮ್ಮದೇ.

ಪೆಡಲಿನ ಪವರ್ ಜಾಕ್ ಪಕ್ಕದಲ್ಲಿ ಒಂದು ಸಣ್ಣ ಚಿತ್ರವಿರುತ್ತದೆ: ನಡುವೆ ಚುಕ್ಕೆ, ಅದನ್ನು ಬಳಸಿದ ಅರ್ಧ ಬಳೆ, ಎರಡರಿಂದಲೂ ಹೊರಟ ಗೆರೆಗಳ ತುದಿಯಲ್ಲಿ ಪ್ಲಸ್ ಮತ್ತು ಮೈನಸ್. ಚುಕ್ಕೆಯ ಗೆರೆ ಮೈನಸ್ಸಿಗೆ ಹೋಗಿದ್ದರೆ ಅದು ಸೆಂಟರ್ ನೆಗೆಟಿವ್. ಬಹುಪಾಲು ಗಿಟಾರ್ ಪೆಡಲ್‌ಗಳು ಹೀಗೆಯೇ ಇವೆ. ಮನೆಯ ವೈಫೈ ರೂಟರಿನ ಅಡಾಪ್ಟರ್ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ, ಮೇಲಾಗಿ ಹೆಚ್ಚಿನವು 12 ವೋಲ್ಟ್. ಆದರೂ ಅದರ ಪಿನ್ ಪೆಡಲಿನೊಳಗೆ ಸಲೀಸಾಗಿ ಕೂರುತ್ತದೆ. ಅಪಾಯ ಇರುವುದೇ ಅಲ್ಲಿ. ನಮ್ಮ ಭಾಗದಲ್ಲಿ ಎಲೆಕ್ಟ್ರಾನಿಕ್ ತಂಬೂರಿ, ಕೀಬೋರ್ಡ್ ಇರುವ ಮನೆಗಳು ಬಹಳ. ಅವುಗಳ ಅಡಾಪ್ಟರ್ ಕೈಗೆ ಸಿಕ್ಕಿತೆಂದು ಪೆಡಲಿಗೆ ಚುಚ್ಚಬೇಡಿ.

ವೋಲ್ಟೇಜ್ ವಿಷಯದಲ್ಲಿ ರಿಯಾಯಿತಿ ಇಲ್ಲ. ಫುಲ್‌ಟೋನ್ ಒಸಿಡಿ ಎಂಬ ಓವರ್‌ಡ್ರೈವ್ 9ರಿಂದ 18 ವೋಲ್ಟಿನವರೆಗೆ ತಾಳುತ್ತದೆ, ನಿಜ. ಆದರೆ ಬೇರೆ ಕೆಲವು ಓವರ್‌ಡ್ರೈವ್‌ಗಳ ಒಳಗೆ ಎಂಟು ಕಾಲಿನ ಒಂದು ಚಿಪ್ ಇದೆ: 7660 ಅಥವಾ ಮ್ಯಾಕ್ಸ್ 1044. ಬಂದ 9 ವೋಲ್ಟನ್ನು ಒಳಗೇ ಹೆಚ್ಚಿಸಿಕೊಳ್ಳುವುದು ಅದರ ಕೆಲಸ. ಅದು ತಡೆಯುವುದು 10 ವೋಲ್ಟಿನ ಆಸುಪಾಸು ಮಾತ್ರ. 12 ವೋಲ್ಟ್ ಕೊಟ್ಟರೆ ಸುಟ್ಟುಹೋಗಬಹುದು. ಎಷ್ಟೋ ಬಾರಿ ಪೆಡಲಿನ ದೀಪ ಉರಿಯುತ್ತಲೇ ಇರುತ್ತದೆ, ಧ್ವನಿ ಮಾತ್ರ ಬರುವುದಿಲ್ಲ.

ಮಿಲಿಆಂಪಿಯರ್ ಲೆಕ್ಕ ಬೇರೆ. ಸಪ್ಲೈ ಮೇಲೆ ಬರೆದ ಅಂಕಿ ಪೆಡಲಿನ ಅಗತ್ಯಕ್ಕಿಂತ ಎಷ್ಟು ದೊಡ್ಡದಿದ್ದರೂ ಹಾನಿಯಿಲ್ಲ. ಕೆರೆ ತುಂಬಿದೆಯೆಂದು ಕೊಡದಲ್ಲಿ ಹೆಚ್ಚು ನೀರು ಹಿಡಿಯುವುದಿಲ್ಲ. ಕಡಿಮೆಯಾದರೆ ಮಾತ್ರ ತೊಂದರೆ. 300 ಬೇಡುವ ರಿವರ್ಬ್ ಪೆಡಲನ್ನು 100 ಮಿಲಿಆಂಪಿಯರಿನ ಔಟ್‌ಪುಟ್‌ಗೆ ಜೋಡಿಸಿ, ಪೆಡಲ್ ಕೆಟ್ಟಿದೆಯೆಂದು ರಿಪೇರಿಗೆ ತರುವವರು ಇದ್ದಾರೆ. ಪೆಡಲಿಗೆ ಏನೂ ಆಗಿರುವುದಿಲ್ಲ.

ಇನ್ನು ಡೇಸಿ ಚೈನ್ ವಿಷಯ. ಅದರಲ್ಲಿ ಎಲ್ಲ ಪೆಡಲ್‌ಗಳೂ ಒಂದೇ ದಾರಿಯಲ್ಲಿ ವಿದ್ಯುತ್ ಪಡೆಯುತ್ತವೆ. ಡಿಜಿಟಲ್ ಡಿಲೇ ಒಳಗಿನ ಗಡಿಯಾರದ (ಚಿಪ್ಪಿಗೆ ತಾಳ ಕೊಡುವ ವಿದ್ಯುತ್ ಮಿಡಿತದ) ಸದ್ದು ಆ ದಾರಿಯಲ್ಲೇ ಹರಿದು, ಹೆಚ್ಚು ಗೇನ್ (ವರ್ಧನೆ) ಇಟ್ಟ ಡಿಸ್ಟಾರ್ಷನ್ನಿಗೆ ಸೇರಿ, ಸಣ್ಣ ಸಿಳ್ಳೆಯಾಗಿ ಸ್ಪೀಕರಿನಲ್ಲಿ ಕೇಳುತ್ತದೆ. ಪಾಸಿಟಿವ್ ಗ್ರೌಂಡ್ ಇರುವ, ಅಂದರೆ ಮೈನಸ್ ಬದಲು ಪ್ಲಸ್ ಬದಿ ಗ್ರೌಂಡಿಗೆ ಸೇರಿದ, ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರಿನ ಫಜ್ ಪೆಡಲ್ ಒಂದನ್ನು ಅದೇ ಸರಪಳಿಗೆ ಸೇರಿಸಿದರಂತೂ ನೇರ ಶಾರ್ಟ್ ಸರ್ಕಿಟ್. ಪ್ರತ್ಯೇಕ ಔಟ್‌ಪುಟ್‌ಗಳಿದ್ದರೆ ಈ ಎರಡೂ ತಾಪತ್ರಯ ತಪ್ಪುತ್ತವೆ. ಅಷ್ಟೇ ಅಲ್ಲ, ಎರಡು 9 ವೋಲ್ಟ್ ಔಟ್‌ಪುಟ್‌ಗಳನ್ನು ಸರಣಿ ಕೇಬಲ್ಲಿನಿಂದ ಕೂಡಿಸಿ 18 ವೋಲ್ಟ್ ಪಡೆಯಲು ತಯಾರಕರು ಅನುಮತಿಸುವ ಸಪ್ಲೈಗಳೂ ಇವೆ.

ಹತ್ತು ಔಟ್‌ಪುಟ್ ಇದ್ದ ಮಾತ್ರಕ್ಕೆ ಸಪ್ಲೈ ಐಸೊಲೇಟೆಡ್ ಆಗುವುದಿಲ್ಲ. ಡಬ್ಬಿಯ ಮೇಲೆ ಹಾಗೆಂದು ಬರೆದಿದ್ದರೂ ನಾವು ನಂಬುವುದಿಲ್ಲ. ಮುಖ್ಯ ವಿದ್ಯುತ್ತಿನಿಂದ ಬಿಡಿಸಿ, ಎರಡು ಔಟ್‌ಪುಟ್‌ಗಳ ಮೈನಸ್‌ಗಳಿಗೆ ಸಂಪರ್ಕ ಪರೀಕ್ಷೆಗೆ (ಕಂಟಿನ್ಯುಟಿಗೆ) ಇಟ್ಟ ಮಲ್ಟಿಮೀಟರಿನ ಕಡ್ಡಿಗಳನ್ನು ಮುಟ್ಟಿಸಿದಾಗ ಬೀಪ್ ಎಂದರೆ ಅವು ಒಳಗೆ ಕೂಡಿಕೊಂಡಿವೆ. ಪ್ರತಿ ಪೀಸನ್ನೂ ಕೌಂಟರಿನಲ್ಲಿ ನಿಮ್ಮ ಎದುರಿಗೇ ಹೀಗೆ ಪರೀಕ್ಷಿಸಿ ಕೊಡುತ್ತೇವೆ. ಅಮೆರಿಕದಿಂದ ಬಂಧುಗಳು ತಂದ ಸಪ್ಲೈ ಇದ್ದರೆ ಅದನ್ನು ಒಮ್ಮೆ ತೋರಿಸಿ. 120 ವೋಲ್ಟಿಗೆ ಮಾತ್ರ ತಯಾರಾದದ್ದನ್ನು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಹಾಕುವಂತಿಲ್ಲ.

ಈಗಾಗಲೇ ನಮ್ಮಿಂದ ಡೇಸಿ ಚೈನ್ ಕೊಂಡವರು ಅದನ್ನು ಎಸೆಯಬೇಕಿಲ್ಲ. ನಾಲ್ಕು ಅನಲಾಗ್ ಪೆಡಲ್, ಎಲ್ಲವೂ 9 ವೋಲ್ಟ್ ಸೆಂಟರ್ ನೆಗೆಟಿವ್, ಸದ್ದೂ ಇಲ್ಲವೆಂದರೆ ಹಾಗೆಯೇ ಬಳಸಿ. ಹೊಸದು ಕೊಳ್ಳಿ ಎಂದು ನಾವು ಹೇಳುವುದಿಲ್ಲ. ಒಂದೇ ಪೆಡಲ್ ಇರುವ ವಿದ್ಯಾರ್ಥಿಗಳಿಗಾಗಿ ಸಾದಾ ರೆಗ್ಯುಲೇಟೆಡ್ 9 ವೋಲ್ಟ್ ಅಡಾಪ್ಟರ್ ಎಂದಿನಂತೆ ಸಿಗುತ್ತದೆ. ಎಸಿ ಕೇಳುವ ಪೆಡಲ್‌ಗಳಿಗೆ ಅವುಗಳದ್ದೇ ಅಡಾಪ್ಟರ್ ತರಿಸಿಕೊಡುತ್ತೇವೆ.

ಬೋರ್ಡ್ ತಪಾಸಣೆಗೆ ಶುಲ್ಕವಿಲ್ಲ. ಬೆಳಗಿನ ಹೊತ್ತು ಬನ್ನಿ, ಆಗ ಅಂಗಡಿಯಲ್ಲಿ ಜನ ಕಡಿಮೆ. ಆಂಪ್ಲಿಫೈಯರಿಗೆ ಜೋಡಿಸಿ ಕೇಳಿ ನೋಡಬಹುದು. ಗದಗ, ಹಾವೇರಿಯವರು ಬಸ್ಸಿನಲ್ಲಿ ಬೋರ್ಡ್ ಹೊತ್ತು ತರುವ ಅಗತ್ಯವಿಲ್ಲ. ಪ್ರತಿ ಪೆಡಲಿನ ಜಾಕ್ ಮತ್ತು ತಳಭಾಗದ ಫೋಟೊ ಕಳುಹಿಸಿದರೆ, ಯಾವ ಪೆಡಲ್ ಯಾವ ಔಟ್‌ಪುಟ್‌ಗೆ ಎಂದು ಬರೆದ ಚೀಟಿಯನ್ನು ಸಪ್ಲೈ ಜೊತೆಗೇ ಕೊಡುತ್ತೇವೆ. ಆ ಚೀಟಿಯನ್ನು ಬೋರ್ಡಿನ ಅಡಿಯಲ್ಲಿ ಅಂಟಿಸಿಕೊಳ್ಳಿ.

ನಿಮ್ಮ ವಿಶ್ವಾಸಿಗಳು,
ಅಂಗಡಿ ಮತ್ತು ರಿಪೇರಿ ವಿಭಾಗದ ಬಳಗ, ಹುಬ್ಬಳ್ಳಿ