ಕಾರವಾರ ಕೋರ್ಟಿನ ಆ ಅಕ್ಕನಿಗೆ ಧನ್ಯವಾದ

ಮಟ್ಕಾ ಗ್ಯಾಂಗಿನ ವಸೂಲಿ ಬಿಟ್ಟು ಬಂದ ತಮ್ಮನಿಗೆ ಡ್ರೈವರ್ ಕೆಲಸ ಸಿಕ್ಕಿತ್ತು, ಪೊಲೀಸ್ ವೆರಿಫಿಕೇಶನ್ ಕೇಳಿದ್ದರು. ಹಳೇ ವಾರಂಟು ಬಾಕಿಯಿದ್ದರೆ ಠಾಣೆಗೆ ಹೋದವನನ್ನು ಅಲ್ಲೇ ಹಿಡಿಯುತ್ತಾರೆ ಎಂಬ ಭಯ. ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೂತಿದ್ದ ಅಕ್ಕಾ, ಗಡಿಬಿಡಿಯಲ್ಲಿ ನಿಮ್ಮ ಹೆಸರೂ ಕೇಳಲಿಲ್ಲ.

ಮೊದಲು ಅವನಿಗೊಂದು ಲೋಟ ನೀರು ಕೊಟ್ಟಿರಿ. 'ಏನು ಮಾಡಿದ್ದೆ?' ಅನ್ನಲಿಲ್ಲ, 'ಯಾವ ಠಾಣೆ, ಯಾವ ವರ್ಷ ತಮ್ಮಾ?' ಅಂದಿರಿ. ಕೋರ್ಟು ಕೇಸುಗಳನ್ನು ಹುಡುಕುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿದರೆ ಏನೂ ಬರಲಿಲ್ಲ. ನಾಯ್ಕ, ನಾಯಕ ಎಂದು ಸ್ಪೆಲ್ಲಿಂಗ್ ಬದಲಿಸುತ್ತ ಒಂದೊಂದೇ ವರ್ಷ ಹುಡುಕಿದಿರಿ. ಅಕ್ಷರ ತಪ್ಪಿದರೆ ಕೇಸು ಕಾಣುವುದಿಲ್ಲ, ಎಷ್ಟೋ ಜನ ಕೇಸೇ ಇಲ್ಲವೆಂದು ನಂಬಿಬಿಡುತ್ತಾರೆ. ಕೊನೆಗೆ ಜಾಮೀನುರಹಿತ ವಾರಂಟು ಸಿಕ್ಕಿತು. ಅದು ಜಾರಿಯಾಗುವವರೆಗೆ ಅಥವಾ ಕೋರ್ಟು ರದ್ದು ಮಾಡುವವರೆಗೆ ಚಾಲ್ತಿಯಲ್ಲೇ ಇರುತ್ತದೆ. ಪೊಲೀಸರು ಹಿಡಿಯುವ ಮೊದಲೇ ವಕೀಲರ ಜೊತೆ ಕೋರ್ಟಿಗೆ ಹಾಜರಾಗಿ, ವಾರಂಟು ರದ್ದು ಮಾಡಿ ಎಂದು ಕೇಳುವ ರಿಕಾಲ್ ಅರ್ಜಿ ಕೊಡಬೇಕು ಎಂದಿರಿ. ಜಾಮೀನುದಾರರ ಪಹಣಿ, ಆಧಾರ್, ಫೋಟೋ ಎಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಅವನ ಅಂಗಿ ಕಿಸೆಗೆ ನೀವೇ ಇಟ್ಟಿರಿ. 'ವಾರಂಟು ರದ್ದು ಮಾಡಿದ ಆದೇಶದ ದೃಢೀಕೃತ ಪ್ರತಿಯನ್ನು ನೀವೇ ಠಾಣೆಗೆ ಮುಟ್ಟಿಸಿ, ಕೋರ್ಟಿನ ಕಾಗದ ತಡವಾದರೆ ಮತ್ತೆ ಹಿಡಿದಾರು' ಎಂದೂ ಎಚ್ಚರಿಸಿದಿರಿ.

ವಾರಂಟು ರದ್ದಾಯಿತು, ಅಮ್ಮ ಹೊಟ್ಟೆ ತುಂಬ ಉಂಡಳು. ಕೇಸು ನಡೆದಿದೆ, ತಾರೀಕು ತಪ್ಪಿಸುತ್ತಿಲ್ಲ. ಇಂಥ ಕಷ್ಟದಲ್ಲಿರುವವರು ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ.