ಕವರ್ ಬಿಚ್ಚದ ಟೇಪು, ಸೋರುವ ವ್ಯಾನು

ಇಂದ:
ನಿಮ್ಮ ಗ್ರಾಹಕಿ,
ಸಪ್ತಾಪುರ, ಧಾರವಾಡ

ಗೆ:
ಮಾಲೀಕರು,
ವಾಹನ ಬಾಡಿ ಮತ್ತು ಒಳಾಂಗಣ ಕೆಲಸದ ವರ್ಕ್‌ಶಾಪ್,
ಹುಬ್ಬಳ್ಳಿ

ದಿನಾಂಕ: ಜುಲೈ 6

ವಿಷಯ: ನಮ್ಮ ವ್ಯಾನಿನ ಟಾಪ್‌ಗೆ ಫ್ಯಾನ್ ಕೂರಿಸಿದ ಕೆಲಸ ಸರಿಯಿಲ್ಲದೆ ನೀರು ಸೋರುತ್ತಿರುವ ಬಗ್ಗೆ

ಮಾನ್ಯರೆ,

ನಿಮಗೆ ಇದು ನನ್ನ ಮೊದಲ ಪತ್ರ. ಆದರೆ ದೂರು ಹೇಳುತ್ತಿರುವುದು ನಾಲ್ಕನೇ ಸಲ. ಮೂರು ಸಲ ಫೋನಿನಲ್ಲಿ ಹೇಳಿದೆ, ಮೂರು ಸಲವೂ ಬೇರೆ ಬೇರೆ ಉತ್ತರ ಬಂತು. ಮೊದಲು, ಮಳೆ ಜಾಸ್ತಿ ಇತ್ತು ಅಂದಿರಿ. ಆಮೇಲೆ, ಮುಚ್ಚಳ ಸರಿಯಾಗಿ ಹಾಕಿರಲಿಕ್ಕಿಲ್ಲ ಅಂದಿರಿ. ಕೊನೆಗೆ, ಫ್ಯಾನೇ ಡೂಪ್ಲಿಕೇಟ್ ಅಂದಿರಿ. ಅಲ್ಲಿಂದ ಈಚೆಗೆ ಫೋನ್ ಎತ್ತುವುದನ್ನೇ ಬಿಟ್ಟಿದ್ದೀರಿ. ವಾಟ್ಸ್‌ಆ್ಯಪ್‌ನಲ್ಲಿ ನೀಲಿ ಗೆರೆ ಮಾತ್ರ ಕಾಣುತ್ತೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಸ್ಪೀಡ್ ಪೋಸ್ಟಿನಲ್ಲಿ.

ನಿಮಗೆ ದಿನಾ ಹತ್ತು ಗಾಡಿ ಬರುತ್ತವೆ, ಯಾವುದು ಅಂತ ನೆನಪಾಗದೆ ಇರಬಹುದು. ನಮ್ಮದು ಬಿಳಿ ಟ್ರಾವೆಲರ್, ಸೆಕೆಂಡ್ ಹ್ಯಾಂಡ್. ಸೀಟು ತೆಗೆಸಿ ಹಾಸಿಗೆ, ಸಣ್ಣ ಅಡುಗೆ ಕಟ್ಟೆ ಮಾಡಿಸಿಕೊಂಡಿದ್ದೇವೆ. ನಾನು 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವಳು. ನಮ್ಮ ಮನೆಯವರಿಗೆ ಉಬ್ಬಸ ಇದೆ. ಬೇಸಿಗೆಯಲ್ಲಿ ತಗಡಿನ ಟಾಪು ಕಾದರೆ ಒಳಗೆ ಹಂಚಿನ ಮೇಲೆ ಕೂತ ಹಾಗೆ. ಒಗ್ಗರಣೆ ಹಾಕಿದರಂತೂ ಬ್ಯಾಡಗಿ ಮೆಣಸಿನಕಾಯಿ ಘಾಟಿಗೆ ಇಬ್ಬರೂ ಕೆಮ್ಮುತ್ತಾ ಕೆಳಗಿಳಿಯಬೇಕು. ಬಿಸಿ ಗಾಳಿ ಮೇಲೆ ಹೋಗುತ್ತೆ, ಅದನ್ನು ಮೇಲಿನಿಂದಲೇ ಎಳೆದು ಹೊರಗೆ ಹಾಕಿ, ಹಿಂದಿನ ಕಿಟಕಿ ನಾಲ್ಕು ಬೆರಳು ತೆರೆದಿಟ್ಟರೆ ಹೊಸ ಗಾಳಿ ತಾನೇ ಬರುತ್ತೆ. ಇಷ್ಟಕ್ಕಾಗಿ 27,400 ರೂಪಾಯಿ ಕೊಟ್ಟು 12 ವೋಲ್ಟಿನ ಫ್ಯಾನ್ ತರಿಸಿ, ಬಾಕ್ಸ್ ಸಮೇತ ನಿಮ್ಮ ಕೈಗೆ ಕೊಟ್ಟೆವು. ಮೇ 18ಕ್ಕೆ ಗಾಡಿ ಬಿಟ್ಟೆವು, 21ಕ್ಕೆ ವಾಪಸ್ ತಂದೆವು. ನಿಮ್ಮ ಬಿಲ್ಲು 9,250 ರೂಪಾಯಿ. ಅದರಲ್ಲಿ ಕಟಿಂಗ್, ಫಿಟ್ಟಿಂಗ್ 6,500, ವೈರಿಂಗ್ 900, ‘ಸೀಲೆಂಟ್ ಮತ್ತು ಟೇಪ್’ 1,850. ಈ ಕೊನೇ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರ ಮಾತು ಬರುತ್ತೆ.

ಮೇ ಕೊನೆಗೆ ಲಕ್ಕುಂಡಿಗೆ ಹೋದೆವು. ಅಲ್ಲಿ ರಾತ್ರಿ ಫ್ಯಾನ್ ಹಾಕಿ ಅಡುಗೆ ಮಾಡಿದರೆ ಘಾಟು ಹೋಗುವ ಬದಲು ಒಳಗೇ ಸುತ್ತುತ್ತಿತ್ತು. ನಿಮ್ಮ ಹುಡುಗನಿಗೆ ಫೋನ್ ಮಾಡಿ ಕೇಳಿದರೆ, “ಹೊಸಾದು ಐತ್ರಿ ಅಕ್ಕಾರ, ನಾಕ್ ದಿನ ಓಡ್ಲಿ, ತಾನ ಸರಿ ಆಗತೈತಿ” ಅಂದ. ಫ್ಯಾನು ಏನು ಎತ್ತಾ, ಪಳಗೋದಕ್ಕೆ? ಊದುಬತ್ತಿ ಹಚ್ಚಿ ಫ್ಯಾನಿನ ಕೆಳಗೆ ಹಿಡಿದೆ. ಸ್ವಿಚ್ಚು ‘ಔಟ್’ ಅಂತ ಇದ್ದರೂ ಹೊಗೆ ಕೆಳಗೆ, ನನ್ನ ಮುಖಕ್ಕೇ ಬಂತು. ಕೆಂಪು ವೈರು, ಕಪ್ಪು ವೈರು ಅದಲು ಬದಲು ಆಗಿತ್ತು, ಮೋಟರ್ ಉಲ್ಟಾ ತಿರುಗುತ್ತಿತ್ತು. ನಮ್ಮ ಮನೆಯವರು ಹತ್ತು ನಿಮಿಷದಲ್ಲಿ ಬದಲಿಸಿದರು. ಆಗಿನಿಂದ ಹೊಗೆ ಸರಸರ ಮೇಲೆ ಹೋಗುತ್ತಿದೆ. ಡೂಪ್ಲಿಕೇಟ್ ಫ್ಯಾನು ಅನ್ನುವವರು ಒಂದು ಸಲ ಬಂದು ನೋಡಬಹುದು. ಅವತ್ತೇ ಇನ್ನೊಂದು ಗೊತ್ತಾಯಿತು. ಮ್ಯಾನುಯಲ್‌ನಲ್ಲಿ 5 ಆ್ಯಂಪಿಯರ್ ಫ್ಯೂಜ್ ಹಾಕಲೇಬೇಕು ಅಂತ ಇದೆ. ನೀವು ಹಾಕಿಲ್ಲ. ವೈರ್ ತಿರುವಿ ಇನ್ಸುಲೇಶನ್ ಟೇಪ್ ಸುತ್ತಿ ಬಿಟ್ಟಿದ್ದೀರಿ. ಮರದ ಪ್ಲೈ ಒಳಗೆ, ನಾವು ಮಲಗುವ ತಲೆಯ ಮೇಲೆ.

ಅಷ್ಟಕ್ಕೂ ನಾನು ಜಗಳಕ್ಕೆ ಬಂದಿರಲಿಲ್ಲ. ವೈರು ತಾನೇ, ಮನುಷ್ಯರು ಮರೀತಾರೆ ಅಂತ ಸುಮ್ಮನಾದೆ.

ಜೂನ್ 13, ಮಿರಗದ ಮಳೆ. ಯಲ್ಲಾಪುರದ ಹತ್ತಿರ ಪರಿಚಯದವರ ತೋಟದಲ್ಲಿ ಗಾಡಿ ನಿಲ್ಲಿಸಿ ಮಲಗಿದ್ದೆವು. ಫ್ಯಾನ್ ಬಂದ್ ಮಾಡಿ, ಮುಚ್ಚಳ ಬಿಗಿಯಾಗಿ ಇಳಿಸಿದ್ದೆ. ನಾನೇ ಇಳಿಸಿದ್ದು, ಎರಡು ಸಲ ನೋಡಿದ್ದೆ. ರಾತ್ರಿ ಎರಡು ಗಂಟೆಗೆ ಹಣೆ ಮೇಲೆ ಟಪ್ ಅಂತ ಒಂದು ಹನಿ ಬಿತ್ತು. ಲೈಟ್ ಹಾಕಿ ನೋಡಿದರೆ ಫ್ಯಾನಿನ ಸುತ್ತ ಇರುವ ಬಿಳಿ ಚೌಕಟ್ಟಿನ ಒಂದು ಮೂಲೆಯಿಂದ ನೀರು ಸಾಲಾಗಿ ಇಳಿಯುತ್ತಿದೆ. ಚೊಂಬು ಇಟ್ಟೆವು, ತುಂಬಿತು. ಪಾತೇಲಿ ಇಟ್ಟೆವು. ಬೆಳಗಾಗುವ ಹೊತ್ತಿಗೆ ಹಾಸಿಗೆ ಅರ್ಧ ನೆನೆದಿತ್ತು, ಸೀಲಿಂಗಿನ ಪ್ಲೈ ಹಪ್ಪಳದ ಹಾಗೆ ಉಬ್ಬಿತ್ತು. ಹದಿನೈದು ದಿನಕ್ಕೆ ಅಂತ ಕಟ್ಟಿಕೊಂಡು ಹೋಗಿದ್ದ ಖಡಕ್ ರೊಟ್ಟಿ ನಲವತ್ತೂ ಹಸಿ ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ನಗಬೇಡಿ, ರೊಟ್ಟಿ ಬಡಿದವಳು ನಾನು.

ಜೂನ್ 17ಕ್ಕೆ ಗಾಡಿ ತಂದಾಗ ನಿಮ್ಮ ಹುಡುಗರು ಏಣಿ ಹತ್ತಿ, ಹಳೇ ಸಿಲಿಕಾನ್ ಮೇಲೆಯೇ ಇನ್ನೊಂದು ಸುತ್ತು ಸಿಲಿಕಾನ್ ಎಳೆದು, “ಇನ್ನ ಒಂದು ಹನಿ ಬಂದ್ರ ಕೇಳ್ರಿ” ಅಂದರು. ಅರ್ಧ ಗಂಟೆಯ ಕೆಲಸ. ಆರಿದ್ರಾ ಮಳೆ ಬಂತು, ಮನೆ ಮುಂದೆ ನಿಂತಿದ್ದ ಗಾಡಿ ಜೂನ್ 24ಕ್ಕೆ ಮತ್ತೆ ಸೋರಿತು. ಈಗ ಒಂದು ಮೂಲೆ ಅಲ್ಲ, ಎರಡು ಮೂಲೆ.

ಆ ಶನಿವಾರ ನಾವೇ ಬಿಚ್ಚಿ ನೋಡೋಣ ಅಂತ ಕೂತೆವು. ಒಳಗಿನ ಚೌಕಟ್ಟಿಗೆ ಇರುವುದು ನಾಲ್ಕೇ ಸ್ಕ್ರೂ. ನಮ್ಮ ಮನೆಯವರು ಟಾರ್ಚ್ ಹಿಡಿದರು, ನಾನು ಸ್ಟೂಲ್ ಮೇಲೆ ನಿಂತೆ. ಚೌಕಟ್ಟು ಕೈಗೆ ಬಂದ ಕೂಡಲೇ ತುಕ್ಕಿನ ನೀರು ಮೊಣಕೈವರೆಗೆ ಇಳಿಯಿತು. ಗ್ರೈಂಡರಿನಲ್ಲಿ ಕತ್ತರಿಸಿದ ತಗಡಿನ ಅಂಚು ಹಾಗೇ ಬೆತ್ತಲೆ ಇದೆ. ರೆಡ್ ಆಕ್ಸೈಡ್ ಇಲ್ಲ, ಪೇಂಟ್ ಇಲ್ಲ. ಒಂದೂವರೆ ತಿಂಗಳಿಗೇ ಬೆರಳು ಸವರಿದರೆ ಕಂದು ಪುಡಿ ಉದುರುತ್ತೆ. ಕಿಂಡಿ 14 ಇಂಚು ಚೌಕ ಇರಬೇಕು. ಹೊಲಿಗೆ ಟೇಪಿನಲ್ಲಿ ಅಳೆದೆ. ಮುಂದಿನ ಬದಿ 14 ಇಂಚು ಎರಡು ನೂಲು, ಹಿಂದಿನ ಬದಿ 15 ಇಂಚು. ಚೌಕವೂ ಅಲ್ಲ, ಆಯತವೂ ಅಲ್ಲ. ಎಂಟನೇ ಕ್ಲಾಸಿನ ಹುಡುಗ ಇಂಥ ಚಿತ್ರ ಬರೆದಿದ್ದರೆ ವಾಪಸ್ ಕೊಟ್ಟು ಮತ್ತೆ ಬರೆಸುತ್ತಿದ್ದೆ. ಹಿಂದಿನ ಬದಿಯ ಸ್ಕ್ರೂಗಳು ತಗಡಿನ ತುದಿಗೆ ಸಿಕ್ಕಿಕೊಂಡಿವೆ, ಅದರಲ್ಲಿ ಎರಡು ಬರಿಗೈಯಲ್ಲೇ ತಿರುಗುತ್ತವೆ.

ಅಸಲು ತಪ್ಪು ಇರುವುದು ಅದಕ್ಕಿಂತ ಮೇಲೆ. ಟಾಪಿನ ತಗಡು ಸಪಾಟು ಇಲ್ಲ ಅಲ್ವಾ, ಉದ್ದಕ್ಕೂ ಉಬ್ಬು ಗೆರೆಗಳಿವೆ. ಫ್ಯಾನಿನ ಅಂಚುಪಟ್ಟಿ ಸಪಾಟು. ಸಪಾಟಿನ ಪಟ್ಟಿಯನ್ನು ಉಬ್ಬಿನ ಮೇಲೆ ಇಟ್ಟರೆ ಉಬ್ಬಿನ ನಡುವೆ ಹಳ್ಳ ಉಳಿಯುತ್ತೆ. ಮೊದಲು ಅದನ್ನು ತುಂಬಿ ಮಟ್ಟ ಮಾಡಬೇಕು, ಇಲ್ಲವಾದರೆ ಉಬ್ಬಿಗೆ ತಕ್ಕ ಹಾಗೆ ಒಂದು ಫ್ರೇಮ್ ಮಾಡಿ ಅದರ ಮೇಲೆ ಫ್ಯಾನ್ ಕೂರಿಸಬೇಕು. ನೀವು ಹಳ್ಳಕ್ಕೆ ಮೇಲಿನಿಂದ ಸಿಲಿಕಾನ್ ಬಳಿದು ಮುಚ್ಚಿದ್ದೀರಿ. ಏಣಿ ಹಾಕಿ ಹತ್ತಿ ನೋಡಿದೆ. ಸಿಲಿಕಾನ್ ಬಿಟ್ಟುಕೊಂಡ ಒಂದು ಕಡೆ ನನ್ನ ಎ.ಟಿ.ಎಂ. ಕಾರ್ಡು ಸಲೀಸಾಗಿ ಪಟ್ಟಿಯ ಕೆಳಗೆ ಹೋಯಿತು, ಅರ್ಧಕ್ಕೂ ಜಾಸ್ತಿ. ಕಾರ್ಡು ಹೋಗುವ ಕಡೆ ನೀರು ಹೋಗುವುದಿಲ್ಲವೇ? ಅದೂ ಎಂಥ ಸಿಲಿಕಾನು! ಬಾತ್‌ರೂಮಿನ ಕನ್ನಡಿಗೆ, ಸಿಂಕಿಗೆ ಹಚ್ಚುತ್ತಾರಲ್ಲ, ಹಚ್ಚುವಾಗ ವಿನೆಗರ್ ವಾಸನೆ ಬರುವಂಥದ್ದು. ಗಾಡಿ ತರುವ ದಿನ ಆ ಹುಳಿ ವಾಸನೆ ನನ್ನ ಮೂಗಿಗೆ ಬಡಿದಿತ್ತು, ಆಗ ಅರ್ಥವಾಗಲಿಲ್ಲ. ಆ ವಾಸನೆಯೇ ಆ್ಯಸಿಡ್. ಬೆತ್ತಲೆ ತಗಡಿಗೆ ಅದು ತಾಗಿದರೆ ತುಕ್ಕಿಗೆ ನಾವೇ ಆಮಂತ್ರಣ ಕೊಟ್ಟ ಹಾಗೆ.

ಟಾಪಿನ ಮೇಲೆಲ್ಲಾ ಗಸಗಸೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಕಂದು ಚುಕ್ಕೆ. ಗ್ರೈಂಡರಿನ ಕಿಡಿ ಬಿದ್ದು ಪೇಂಟಿಗೆ ಕಚ್ಚಿಕೊಂಡ ಕಬ್ಬಿಣದ ಪುಡಿ ಅದು. ಕತ್ತರಿಸುವ ಮೊದಲು ಒಂದು ಹಳೇ ಚಾದರ ಹೊದಿಸಬಹುದಿತ್ತು. ಮುಗಿದ ಮೇಲೆ ಒಂದು ಬ್ರಶ್ ಆಡಿಸಬಹುದಿತ್ತು.

ಈಗ ಆ ಕೊನೇ ಸಾಲಿನ ವಿಷಯ. ಪ್ಲೈ ಒಣಗಿಸಲು ಸೀಟಿನ ಕೆಳಗಿನ ಸಾಮಾನು ತೆಗೆದಾಗ ಫ್ಯಾನಿನ ಖಾಲಿ ಬಾಕ್ಸ್ ಸಿಕ್ಕಿತು. ಖಾಲಿ ಅಂತ ಅಂದುಕೊಂಡಿದ್ದೆ. ಅಲುಗಾಡಿಸಿದರೆ ಏನೋ ಉರುಳಿತು. ಥರ್ಮಾಕೋಲಿನ ಅಡಿಯಲ್ಲಿ ಬೂದು ಬಣ್ಣದ ಬ್ಯೂಟೈಲ್ ಟೇಪಿನ ಸುರುಳಿ. ಮೇಲಿನ ಪ್ಲಾಸ್ಟಿಕ್ ಕವರ್ ಹರಿದಿಲ್ಲ. ಒಳಗಿನ ಮೇಣದ ಕಾಗದ ಹಾಗೇ ಇದೆ. ಒಂದು ಇಂಚು ಕೂಡ ಉಪಯೋಗಿಸಿಲ್ಲ. ಫ್ಯಾನಿನ ಪಟ್ಟಿಯ ಕೆಳಗೆ ಹಾಕಬೇಕಾದ ಟೇಪು ಅದು, ಮೆತ್ತಗಿನ ಅಂಟು ಹಿಟ್ಟಿನ ಹಾಗಿರುತ್ತೆ, ಸ್ಕ್ರೂ ಬಿಗಿದ ಹಾಗೆ ಹಿಂಡಿಕೊಂಡು ಸಂದು ತುಂಬುತ್ತೆ. ಅದಕ್ಕೇ ಕಂಪನಿಯವರು ಫ್ಯಾನಿನ ಜೊತೆ ಪುಕ್ಕಟೆ ಕೊಟ್ಟಿದ್ದರು. ಅದನ್ನು ಹಚ್ಚಲಿಲ್ಲ. ಹಚ್ಚದ ಟೇಪಿಗೆ 1,850 ರೂಪಾಯಿ ಬಿಲ್ ಹಾಕಿದಿರಿ. ಸೋರಿದ್ದಕ್ಕಿಂತ ನನಗೆ ಹೊಟ್ಟೆ ಉರಿದಿದ್ದು ಇದಕ್ಕೆ. ಕೈ ತಪ್ಪಿ ಕೆಲಸ ಕೆಡಬಹುದು, ಮಾಡದ ಕೆಲಸಕ್ಕೆ ದುಡ್ಡು ತಗೊಂಡಿದ್ದು ಕೈ ತಪ್ಪಿದ್ದಲ್ಲ.

ನಮ್ಮ ತವರು ಮನೆ ಗದಗದ ಕಡೆ ಹಳ್ಳಿಯಲ್ಲಿ, ಮಣ್ಣಿನ ಮಾಳಿಗೆ. ಒಲೆಯ ಮೇಲೆ ಒಂದು ಬೆಳಕಿಂಡಿ ಇತ್ತು, ಹೊಗೆ ಹೋಗಲಿಕ್ಕೆ. ನಮ್ಮಜ್ಜ ಅದರ ಸುತ್ತ ಒಂದು ಗೇಣು ಎತ್ತರ ಕಟ್ಟೆ ಕಟ್ಟಿದ್ದರು, ಮಾಳಿಗೆ ನೀರು ಆ ಕಡೆ ಹರಿಯದ ಹಾಗೆ ಮಣ್ಣು ಇಳಿಜಾರು ಮಾಡಿದ್ದರು. ಮಳೆ ಬಂದರೆ ಮೇಲೆ ಒಂದು ತಗಡು, ತಗಡಿನ ಮೇಲೆ ಒಂದು ಕಲ್ಲು. ನಿಮ್ಮ ಹತ್ತಿರ ಗ್ರೈಂಡರ್ ಇದೆ, ಡ್ರಿಲ್ ಇದೆ, ಕಂಪನಿ ಕೊಟ್ಟ ಮ್ಯಾನುಯಲ್ ಇದೆ. ಮ್ಯಾನುಯಲ್ ಓದಲಿಕ್ಕೆ ಹೊತ್ತು ಸಿಗಲಿಲ್ಲವೋ ಏನೋ. ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೀರಿ, ಹೇಳದಿದ್ದರೆ ಅನ್ಯಾಯವಾಗುತ್ತೆ. ಮುಚ್ಚಳದ ಕೀಲು ಗಾಡಿಯ ಮುಂದಕ್ಕೆ ಬರುವ ಹಾಗೆ ಕೂರಿಸಿದ್ದೀರಿ, ಓಡುವಾಗ ಗಾಳಿಗೆ ಮುಚ್ಚಳ ಏಳುವುದಿಲ್ಲ.

ನನಗೆ ಬೇಕಾಗಿರುವುದು ಇಷ್ಟು. ಫ್ಯಾನ್ ಪೂರ್ತಿ ಕೆಳಗಿಳಿಸಿ. ಹಳೇ ಸಿಲಿಕಾನ್ ಒಂದು ಎಳೆ ಉಳಿಯದ ಹಾಗೆ ಕೆರೆದು ತೆಗೆಯಿರಿ, ಯಾಕೆಂದರೆ ಸಿಲಿಕಾನ್ ಮೇಲೆ ಬೇರೆ ಸೀಲೆಂಟೂ ನಿಲ್ಲಲ್ಲ, ಪೇಂಟೂ ನಿಲ್ಲಲ್ಲ. ತುಕ್ಕು ಉಜ್ಜಿ, ಪ್ರೈಮರ್, ಪೇಂಟ್ ಹಾಕಿ. ಕಿಂಡಿ ದೊಡ್ಡದಾಗಿರುವುದರಿಂದ ಉಬ್ಬಿಗೆ ಹೊಂದುವ ಒಂದು ಫ್ರೇಮ್ ಮಾಡಿಸಿ ಮಟ್ಟ ಮಾಡಿ, ಸ್ಕ್ರೂಗೆ ಹಿಡಿತ ಅಲ್ಲಿಂದ ಸಿಗಲಿ. ಆಮೇಲೆ ಬ್ಯೂಟೈಲ್ ಟೇಪು, ಸ್ಕ್ರೂ ತಲೆಗಳ ಮೇಲೆ ಗಾಡಿ ಟಾಪಿಗೆ ಅಂತಲೇ ಬರುವ ಸೀಲೆಂಟು. ಮಳೆ ಬೀಳದ ಕಡೆ, ಶೆಡ್ ಒಳಗೆ, ತಗಡು ಒಣಗಿದ ಮೇಲೆ ಮಾಡಿ. ಫ್ಯೂಜ್ ಹಾಕಿ. ಗಾಡಿ ಕೊಡುವ ಮುಂಚೆ ನನ್ನ ಎದುರಿಗೇ ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಡಿ, ನಾನು ಒಳಗೆ ಕೂತು ನೋಡುತ್ತೇನೆ. ಜೊತೆಗೆ ಹಾಸಿಗೆಗೆ 7,200, ಪ್ಲೈಗೆ 4,300, ಟೇಪಿನ ಸುಳ್ಳು ಬಿಲ್ಲಿನ 1,850, ಒಟ್ಟು 13,350 ರೂಪಾಯಿ ಕೊಡಬೇಕು. ರೊಟ್ಟಿಗೆ ಲೆಕ್ಕ ಹಾಕಿಲ್ಲ.

ಇದು ನಿಮ್ಮಿಂದ ಆಗಲ್ಲ ಅನ್ನುವುದಾದರೆ ಅದನ್ನೇ ನೇರವಾಗಿ ಹೇಳಿ. ನಾನು ಕೊಟ್ಟ 9,250 ಪೂರ್ತಿ ವಾಪಸ್ ಕೊಡಿ, ಹಾಸಿಗೆ ಮತ್ತು ಪ್ಲೈ ದುಡ್ಡು ಸೇರಿಸಿ. ಕೆಲಸ ಬೇರೆ ಕಡೆ ಮಾಡಿಸಿಕೊಳ್ಳುತ್ತೇನೆ.

ಈ ಪತ್ರ ಮುಟ್ಟಿದ 15 ದಿನದೊಳಗೆ ಉತ್ತರ ಬರದಿದ್ದರೆ 1915 ಸಹಾಯವಾಣಿಗೆ ಹೇಳಿ, ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕರ ರಕ್ಷಣಾ ಕಾಯ್ದೆ ಪ್ರಕಾರ ನಾನು ಇರುವ ಊರಿನಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಫೀಸೂ ಇಲ್ಲ. ವಕೀಲರೇ ಬೇಕು ಅಂತಿಲ್ಲ, ನನ್ನ ಕೇಸು ನಾನೇ ಹೇಳಬಹುದು. ರಿಟೈರ್ ಆದವಳು, ಹೊತ್ತು ಬೇಕಾದಷ್ಟಿದೆ. ಆದರೆ ಆ ಹೊತ್ತನ್ನು ಆಯೋಗದ ಬೆಂಚಿನ ಮೇಲೆ ಕಳೆಯುವ ಆಸೆ ನನಗಿಲ್ಲ. ಶ್ರಾವಣದಲ್ಲಿ ಬನವಾಸಿಗೆ ಹೋಗಬೇಕು ಅಂತ ಇದೆ.

ಸದ್ಯಕ್ಕೆ ಗಾಡಿಯ ಟಾಪಿಗೆ ತಾಡಪತ್ರಿ ಕಟ್ಟಿ ನಿಲ್ಲಿಸಿದ್ದೇವೆ. ಬರುವವರು ಬೆಳಿಗ್ಗೆ ಹತ್ತರ ಮೇಲೆ ಬನ್ನಿ, ಫೋನ್ ಮಾಡಿ ಬನ್ನಿ. ಟೇಪಿನ ಸುರುಳಿ ನನ್ನ ಕಪಾಟಿನಲ್ಲಿ ಇದೆ. ಕೆಲಸಕ್ಕೆ ಹೊಸದು ತನ್ನಿ, ಅದು ಸಾಕ್ಷಿಗೆ ಬೇಕು.

ಇಂತಿ,
ನಿಮ್ಮ ಗ್ರಾಹಕಿ

ಜೊತೆಗೆ ಇಟ್ಟಿರುವುದು: ನಿಮ್ಮ ಬಿಲ್ಲಿನ ಜೆರಾಕ್ಸ್, ಕಿಂಡಿಯ ಮತ್ತು ಟಾಪಿನ 11 ಫೋಟೋ, ಕವರ್ ಬಿಚ್ಚದ ಟೇಪಿನ 2 ಫೋಟೋ, ಹಾಸಿಗೆ ಮತ್ತು ಪ್ಲೈ ರಸೀದಿ