ಮಗಳಿಗೊಂದು ಪತ್ರ: ಒಂಟಿ ದ್ವೀಪದ ಮೊದಲ ನೂರು ಟರ್ನ್

ಪುಟ್ಟಿ,

ನೀನು ಕಳಿಸಿದ ಸಿವಿಲೈಸೇಶನ್ 4 ಆಟದ ಸೇವ್ ಫೈಲ್ ರಾತ್ರಿ ತೆರೆದು ನೋಡಿದೆ. ಟರ್ನ್ 48, ಎರಡೇ ಊರು, ಸುತ್ತ ನೀರು. ಜೊತೆಗೆ ನಿನ್ನ ಒಂದು ಸಾಲು: ‘ಅಮ್ಮಾ, ಇಲ್ಲಿ ಯಾರೂ ಇಲ್ಲ, ಬೇರೆ ಮ್ಯಾಪ್ ಹಾಕ್ಕೊಳ್ಲಾ?’

ಬೇಡ ಕಣೇ. ಊರು ಕಟ್ಟಿ ನಾಡು ಬೆಳೆಸೋ ಈ ಕಂಪ್ಯೂಟರ್ ಆಟ ಆಡೋಕೆ ಶುರು ಮಾಡಿದಾಗ ನಾನೂ ಹಾಗೇ ಮಾಡ್ತಿದ್ದೆ. ದ್ವೀಪ ಅಂತ ಗೊತ್ತಾದ ಕೂಡಲೇ ಆಟ ಮುಚ್ಚಿ ಹೊಸದು. ಒಂದು ಸಲ ಮಾತ್ರ ಹಟ ಹಿಡಿದು ಕೂತೆ. ಪಕ್ಕದಲ್ಲಿ ಶತ್ರು ಇಲ್ಲ, ನೆಲವೆಲ್ಲ ನನ್ನದೇ ಅಂತ ಸಿಕ್ಕ ಸಿಕ್ಕಲ್ಲಿ ಊರು ಕಟ್ಟಿದೆ. ಕ್ರಿ.ಶ. 1ರ ಹೊತ್ತಿಗೆ ಒಂಬತ್ತು ಊರು. ಎಷ್ಟು ಹೆಮ್ಮೆಯಿತ್ತು ಅಂತೀಯ! ಆದರೆ ಪ್ರತಿ ಹೊಸ ಊರಿಗೂ ನಿರ್ವಹಣೆ ಖರ್ಚಿದೆ, ರಾಜಧಾನಿಯಿಂದ ದೂರ ಹೋದಷ್ಟೂ ಅದು ಜಾಸ್ತಿ. ಸೈನ್ಸ್ ಸ್ಲೈಡರ್, ಅಂದರೆ ಆದಾಯದಲ್ಲಿ ಸಂಶೋಧನೆಗೆ ಹೋಗೋ ಪಾಲು, ಶೇ. 20ಕ್ಕೆ ಇಳಿದು ಅಲ್ಲೇ ಕೂತಿತು. ಆಮೇಲೆ ಒಂದು ದಿನ ದಡದಲ್ಲಿ ಪರದೇಶದ ಕ್ಯಾರವೆಲ್ ಹಡಗು ಕಾಣಿಸಿತು, ತೆರೆಯ ಮೇಲೆ ಒಬ್ಬ ರಾಜ ಬಂದು ನಿಂತ. ಅವನ ಹತ್ತಿರ ಏನೇನಿದೆ ಅಂತ ಪಟ್ಟಿ ತೆರೆದರೆ ಗನ್‌ಪೌಡರ್. ನಾನಿನ್ನೂ ಕಾಗದ ಮಾಡೋದನ್ನೇ ಕಲಿತಿರಲಿಲ್ಲ.

ಒಂಟಿ ದ್ವೀಪದಲ್ಲಿ ಶತ್ರು ಇಲ್ಲ ಅನ್ನೋದು ಸುಳ್ಳು, ಕಣ್ಣಿಗೆ ಕಾಣಲ್ಲ ಅಷ್ಟೇ. ಮೇಲೆ ಬಂದು ಹೋಗುವ ಸುದ್ದಿಗಳನ್ನು ನೀನು ಓದೋದೇ ಇಲ್ಲ, ಎಂಟರ್ ಒತ್ತಿ ಮುಂದೆ ಹೋಗ್ತೀಯ. ‘ದೂರದ ನಾಡಿನಲ್ಲಿ ಬೌದ್ಧ ಧರ್ಮ ಹುಟ್ಟಿತು’, ‘ಎಲ್ಲೋ ದೂರದಲ್ಲಿ ಸ್ಟೋನ್‌ಹೆಂಜ್ ಕಟ್ಟಿದರು’ ಅಂತ ಬರುತ್ತಲ್ಲ, ಅದು ನಿನಗೆ ಕಾಣದ ಬೇರೆ ನಾಡಿನವರು ಓಡುತ್ತಿರುವ ಸದ್ದು. ಅವರು ತಮ್ಮತಮ್ಮಲ್ಲೇ ಟೆಕ್, ಅಂದರೆ ಕಲಿತ ವಿದ್ಯೆಗಳನ್ನು, ಕೊಟ್ಟು ತಗೊಂಡು ಮಾಡ್ತಾರೆ. ಇನ್ನೊಂದು ಅನ್ಯಾಯವೂ ಇದೆ: ಪರಿಚಯವಿರುವ ನಾಡಿಗೆ ಒಂದು ಟೆಕ್ ಗೊತ್ತಿದ್ದರೆ ನಮಗೆ ಅದನ್ನು ಕಲಿಯೋದು ಸ್ವಲ್ಪ ಅಗ್ಗವಾಗುತ್ತದೆ. ನಿನಗೆ ಯಾರ ಪರಿಚಯವೂ ಇಲ್ಲದ್ದರಿಂದ ಪ್ರತಿಯೊಂದಕ್ಕೂ ಪೂರ್ತಿ ಬೆಲೆ ತೆರಬೇಕು.

ಈಗ ನಿನ್ನ ದ್ವೀಪಕ್ಕೆ ಬರೋಣ. ಉತ್ತರದ ಅರ್ಧ ಪೂರ್ತಿ ಕಪ್ಪು ಮಂಜು. ನೆರೆಯವರಿದ್ದಿದ್ದರೆ ಅವರ ಊರು, ಅವರ ಸೈನಿಕರ ಕಣ್ಣು ಅಲ್ಲಿ ಬೀಳುತ್ತಿತ್ತು. ಇಲ್ಲಿ ನಿನ್ನ ಕಣ್ಣು ಬೀಳದ ಜಾಗವೆಲ್ಲ ಬಾರ್ಬೇರಿಯನ್‌ಗಳ, ಅಂದರೆ ಯಾವ ನಾಡಿಗೂ ಸೇರದ ದಾಳಿಕೋರರ ತವರು. ಮೊದಲು ತೋಳ, ಸಿಂಹ. ಅವು ನಿನ್ನ ಗಡಿ ದಾಟಿ ಒಳಗೆ ಬರಲ್ಲ. ಆಮೇಲೆ ಬಿಲ್ಲಿನವರು, ಕೊಡಲಿಯವರು. ಅವರು ಬಂದು ಹೊಲ, ಗಣಿ ಎಲ್ಲ ಹಾಳು ಮಾಡ್ತಾರೆ. ಇದಕ್ಕೆ ದೊಡ್ಡ ಸೈನ್ಯ ಬೇಕಿಲ್ಲ, ಕಣ್ಣು ಬೇಕು. ಒಂದು ವಾರಿಯರ್‌ಗೆ 15 ಸುತ್ತಿಗೆ (ಊರಿನ ದುಡಿಮೆಯ ಲೆಕ್ಕ), ಅಷ್ಟೇ. ಒಬ್ಬೊಬ್ಬನನ್ನೂ ಒಂದೊಂದು ಗುಡ್ಡದ ಮೇಲೆ ನಿಲ್ಲಿಸು. ಗುಡ್ಡದಿಂದ ಹೆಚ್ಚು ದೂರ ಕಾಣುತ್ತೆ. ಕಾಣುವ ನೆಲದಲ್ಲಿ ಬಾರ್ಬೇರಿಯನ್ ಹುಟ್ಟಲ್ಲ. ನಿನ್ನ ಮ್ಯಾಪಿನಲ್ಲಿ ಸುಮಾರು ನಾಲ್ಕು ಜನ ಸಾಕು ಅನ್ಸುತ್ತೆ. ಅವರನ್ನು ಆಮೇಲೆ ಮರೆತುಬಿಡು.

ತಾಮ್ರದ ಗಣಿಗೆ ರಸ್ತೆ ಹಾಕೋಕೆ ಕೆಲಸಗಾರನನ್ನು ಕಳಿಸಿದ್ದೀಯಲ್ಲ, ವಾಪಸ್ ಕರಿ. ತಾಮ್ರ ಊರಿಗೆ ತಲುಪಿತು ಅಂದರೆ ಅಗ್ಗದ ವಾರಿಯರ್ ಕಟ್ಟೋ ಅವಕಾಶವೇ ಹೋಗುತ್ತೆ. ನಿನಗೆ ಅವರು ಇನ್ನೂ ಬೇಕು. ಯಾಕೆ ಗೊತ್ತಾ? ದ್ವೀಪದಲ್ಲಿ ಸಂತೋಷ ಕೊಡೋ ಸಂಪನ್ಮೂಲ ಕಡಿಮೆ, ಬೇರೆಯವರಿಂದ ತಗೊಳ್ಳೋಣ ಅಂದರೆ ಬೇರೆಯವರೇ ಇಲ್ಲ. ಊರು ಒಂದು ಮಟ್ಟಕ್ಕೆ ಬೆಳೆದ ಕೂಡಲೇ ಜನ ಮುನಿಸಿಕೊಳ್ತಾರೆ. ಮುನಿದವರು ಕೆಲಸ ಮಾಡಲ್ಲ, ಊಟ ಮಾತ್ರ ಬಿಡಲ್ಲ. (ಈ ಮಾತು ಯಾರಿಗೂ ಅನ್ವಯಿಸಿ ಬರೆದದ್ದಲ್ಲ.) ಅದಕ್ಕೆ ಮೊನಾರ್ಕಿ ಅನ್ನೋ ಟೆಕ್ ಕಲಿತು ಹೆರೆಡಿಟರಿ ರೂಲ್, ಅಂದರೆ ವಂಶಪಾರಂಪರ್ಯ ಆಳ್ವಿಕೆ, ತಂದರೆ ಊರೊಳಗಿನ ಪ್ರತಿ ಸೈನಿಕನಿಗೂ ಒಂದು ಸಂತೋಷ. ವಾರಿಯರ್ ಆದರೂ ಲೆಕ್ಕ ಅಷ್ಟೇ. ಯಾರೂ ದಂಡೆತ್ತಿ ಬರದ ದ್ವೀಪದಲ್ಲಿ ಇದಕ್ಕಿಂತ ಸೋವಿ ಮದ್ದಿಲ್ಲ.

ಊರು ಐದೋ ಆರೋ ಸಾಕು ಸದ್ಯಕ್ಕೆ. ಪ್ರತಿಯೊಂದರಲ್ಲೂ ಲೈಬ್ರರಿ. ರಾಜಧಾನಿಯಲ್ಲದ, ಆಹಾರ ಚೆನ್ನಾಗಿರೋ ಒಂದು ಊರಲ್ಲಿ ಇಬ್ಬರನ್ನು ವಿಜ್ಞಾನಿಗಳಾಗಿ ಕೂರಿಸು. ಟರ್ನಿಗೆ ಆರು ಪಾಯಿಂಟ್, ಮೊದಲ ಮಹಾವಿಜ್ಞಾನಿಗೆ ಬೇಕಾದ್ದು 100, ಅಂದರೆ 17 ಟರ್ನ್. ಅವನನ್ನು ರಾಜಧಾನಿಗೆ ಕರೆಸಿ ಅಕಾಡೆಮಿ ಕಟ್ಟಿಸು, ಅಲ್ಲಿನ ಸಂಶೋಧನೆ ಅರ್ಧದಷ್ಟು ಏರುತ್ತೆ. ಯಾವ ಧರ್ಮ ಅಂತ ತಲೆ ಕೆಡಿಸ್ಕೋಬೇಡ, ಕೋಪಿಸಿಕೊಳ್ಳೋಕೆ ನೆರೆಯವರಿಲ್ಲ. ಟೆಕ್ ಮಾರೋಕೆ ಬೇಕಾದ ಆಲ್ಫಬೆಟ್ ಕೂಡ ಈಗಲೇ ಬೇಡ, ಮಾರೋದು ಯಾರಿಗೆ?

ನೇರವಾಗಿ ಆಪ್ಟಿಕ್ಸ್ ಅನ್ನೋ ಟೆಕ್ ಕಡೆಗೆ ಹೋಗು. ಮೆಟಲ್ ಕಾಸ್ಟಿಂಗ್, ಮೆಷಿನರಿ ಒಂದು ಕಡೆಯಿಂದ, ಐರನ್ ವರ್ಕಿಂಗ್, ಕಂಪಾಸ್ ಇನ್ನೊಂದು ಕಡೆಯಿಂದ, ಎರಡೂ ಅಲ್ಲಿ ಸೇರ್ತವೆ. ಆಪ್ಟಿಕ್ಸ್ ಬಂದರೆ ಕ್ಯಾರವೆಲ್. ಅದಕ್ಕೂ ಮುಂಚಿನ ಹಡಗು ಗ್ಯಾಲಿ ದಡ ಬಿಟ್ಟು ಆಳ ಸಮುದ್ರಕ್ಕೆ ಇಳಿಯಲ್ಲ. ಆದರೆ ನಿನ್ನ ಗಡಿ ಸಮುದ್ರದ ಮೇಲೆ ಹರಡಿದ್ದರೆ ಅಷ್ಟರಮಟ್ಟಿಗೆ ದಾಟುತ್ತೆ. ಪೂರ್ವದ ಮೂತಿಯಲ್ಲಿ ಒಂದು ಊರು ಕಟ್ಟಿ ನೋಡು. ಆಚೆ ದಡ ಎರಡೇ ಚೌಕ ದೂರ ಇರಬಹುದು ಅಂತ ನನಗೆ ಗುಮಾನಿ. ಗುಮಾನಿ ಸುಳ್ಳಾದರೆ ಒಂದು ಬಂದರು ಉಳಿಯಿತು ಅಂದುಕೋ.

ಕ್ಯಾರವೆಲ್ ಎರಡು ಕಟ್ಟು, ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ. ಭೂಮಿಯನ್ನು ಮೊದಲು ಸುತ್ತಿದವರ ಹಡಗುಗಳಿಗೆಲ್ಲ ಒಂದು ನಡೆ ಜಾಸ್ತಿ ಸಿಗುತ್ತೆ, ಅದು ಆಟ ಮುಗಿಯೋವರೆಗೂ ಕೆಲಸಕ್ಕೆ ಬರುತ್ತೆ. ಹೊರಡೋ ಮುಂಚೆ ಅವರಲ್ಲಿಲ್ಲದ ಒಂದು ಟೆಕ್ ಆದರೂ ಕೈಯಲ್ಲಿರಲಿ. ಸಿಕ್ಕವರಿಗೆಲ್ಲ ಒಂದೇ ಟರ್ನಿನಲ್ಲಿ ಮಾರಿಬಿಡು. ಒಬ್ಬನಿಗೆ ಕೊಟ್ಟು ಸುಮ್ಮನಿದ್ದರೆ ಮರುಟರ್ನಿನಲ್ಲಿ ಅವನೇ ಉಳಿದವರಿಗೆ ಮಾರಿರ್ತಾನೆ.

ಟರ್ನ್ 100, ಅಂದರೆ ಕ್ರಿ.ಪೂ. 375ರ ಸೇವ್ ನನಗೆ ಕಳಿಸು. ಅಷ್ಟರೊಳಗೆ ನಾನು ಏನೂ ಹೇಳಲ್ಲ, ಕೇಳಬೇಡ.

ಅಂದಹಾಗೆ, ನಾನು ಸೋತ ಆ ಆಟದಲ್ಲಿ ಉತ್ತರದ ಗುಡ್ಡದ ಮೇಲೆ ಒಬ್ಬ ವಾರಿಯರ್ ಇದ್ದ. ಅವನಿಗೆ ನಿನ್ನ ಹೆಸರಿಟ್ಟಿದ್ದೆ. ಕ್ರಿ.ಪೂ. 2800ರಿಂದ ಕೊನೆಯ ಟರ್ನಿನ ತನಕ ಅಲ್ಲಿಂದ ಕದಲಲಿಲ್ಲ, ಒಂದು ಸಲವೂ ಯಾರ ಮೇಲೂ ಕೈ ಎತ್ತಲಿಲ್ಲ. ಆ ಮೂಲೆಯಲ್ಲಿ ಒಬ್ಬ ಬಾರ್ಬೇರಿಯನ್ ಕೂಡ ಹುಟ್ಟಲಿಲ್ಲ.

ನಿನ್ನ,
ಅಮ್ಮ